ತಡಿಯಂಡಮೋಳ್: ಮಂಜು ಕವಿದರೆ ನೀರಿನ ಹಿಂದೆ ಹೋಗಬೇಡಿ

ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1748 ಮೀಟರ್. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತುವ ದಾರಿ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಬಿಸಿಲಿದ್ದಾಗ ಅದು ನಿಜವೂ ಹೌದು.

ತೊಂದರೆ ಇರುವುದು ನೆತ್ತಿಯಲ್ಲಿ. ಪಶ್ಚಿಮ ಘಟ್ಟದ ಏಣು ನೀರನ್ನು ಎರಡು ಪಾಲು ಮಾಡುತ್ತದೆ: ಪೂರ್ವಕ್ಕೆ ಹರಿದದ್ದು ಕಾವೇರಿಗೆ, ಪಶ್ಚಿಮಕ್ಕೆ ಇಳಿದದ್ದು ಕೇರಳದ ಕಡೆಯಿಂದ ಅರಬ್ಬಿ ಸಮುದ್ರಕ್ಕೆ. ಕಡಲ ಕಡೆಯ ತೇವದ ಗಾಳಿ ಮೇಲೇರಿ ತಣ್ಣಗಾದರೆ, ನೋಡುನೋಡುತ್ತಿದ್ದಂತೆ ಮಂಜು ಮುಚ್ಚುತ್ತದೆ. ಹುಲ್ಲುಗಾವಲಿನ ಕಾಲುದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. ಆಗ ‘ತೊರೆ ಹಿಡಿದು ಇಳಿದರೆ ಊರು ಸಿಗುತ್ತದೆ’ ಎನ್ನುವ ಹಳೆಯ ಬುದ್ಧಿವಾದವನ್ನು ನಂಬಬೇಡಿ. ತಪ್ಪಿ ಪಶ್ಚಿಮದ ತೊರೆ ಹಿಡಿದರೆ ಕಡಿದಾದ ಕಣಿವೆ, ದಟ್ಟ ಕಾಡು. ಹತ್ತುವಾಗಲೇ ಮೊಬೈಲಿನಲ್ಲಿ ದಾರಿ ದಾಖಲಿಸಿಕೊಳ್ಳಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ದಾರಿ ಖಚಿತವಿಲ್ಲದಿದ್ದರೆ ಗುಂಪು ಚದುರದೆ ನಿಂತಲ್ಲೇ ಕಾಯುವುದು ಲೇಸು.

ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿದ ಕೂಡಲೇ ನೆತ್ತಿ ಬಿಟ್ಟು ಇಳಿಯಿರಿ, ಫೋಟೊ ಆಮೇಲೆ. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳಗಳ (ಜಿಗಣೆ) ಕಾಟ. ಉಪ್ಪಿನ ಸಣ್ಣ ಗಂಟನ್ನು ಒದ್ದೆ ಮಾಡಿ ಕೋಲಿನ ತುದಿಗೆ ಕಟ್ಟಿಕೊಂಡರೆ, ಕಾಲಿಗೆ ಹತ್ತಿದ್ದನ್ನು ಮುಟ್ಟಿಸಿ ಉದುರಿಸಬಹುದು. ಶೋಲಾ ಕಾಡಿನೊಳಗಿನ (ಹುಲ್ಲುಗಾವಲಿನ ನಡುವೆ ಬೆಳೆಯುವ ದಟ್ಟ ಕಾಡು) ಕಡಿದಾದ ಕೊನೆಯ ಏರಿನಲ್ಲಿ ಒದ್ದೆ ಬೇರುಗಳು ಜಾರುತ್ತವೆ, ಇಳಿಯುವಾಗ ಇನ್ನೂ ಹೆಚ್ಚು.

ಆನೆ ಓಡಾಡಿದ ಸುದ್ದಿಯನ್ನು ತೋಟದವರ ಬಳಿ ಕೇಳಿ. ಚಾರಣಕ್ಕೆ ಅವಕಾಶವಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡಿ.