ಕಾರ್ಟೂನ್ ಸಿನಿಮಾದ ಕಂಟಿನ್ಯೂಟಿ ತಪ್ಪು: ನಾನು ಹಿಡಿದಿದ್ದು ಹೀಗೆ

ಮದುವೆ ವಿಡಿಯೋ ಎಡಿಟಿಂಗ್ ಮಾಡುವವರಿಗೆ ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ನಲ್ಲಿದ್ದದ್ದು ಮುಂದಿನದರಲ್ಲೂ ಹಾಗೇ ಇರಬೇಕು ಅನ್ನುವುದು, ಹೊಸದಲ್ಲ. ಒಂದು ಶಾಟ್‌ನಲ್ಲಿ ಮದುಮಗನ ಬಾಸಿಂಗ ನೆಟ್ಟಗಿರುತ್ತದೆ, ಮುಂದಿನದರಲ್ಲಿ ವಾರೆ. ಆದರೆ ಅನಿಮೇಷನ್ ಸಿನಿಮಾದಲ್ಲೂ ಇಂಥ ತಪ್ಪು ಹಿಡಿಯಬಹುದು ಅಂದಾಗ ವಿಜಯಪುರದ ನಮ್ಮ ಎಡಿಟಿಂಗ್ ಗೆಳೆಯರು ಯಾರೂ ಒಪ್ಪಲಿಲ್ಲ. "ಲೇ ದೋಸ್ತ, ಕಂಪ್ಯೂಟರ್‌ದಾಗ ಇಟ್ಟ ಸಾಮಾನು ತಾನಾಗಿ ಸರೀತದೇನೋ?" ಅಂದರು. ತಾನಾಗಿ ಸರಿಯುವುದಿಲ್ಲ, ಜನ ಸರಿಸುತ್ತಾರೆ. ಒಂದೊಂದು ಶಾಟ್ ಒಬ್ಬೊಬ್ಬರ ಕೈಯಲ್ಲಿರುತ್ತದೆ, ಫ್ರೇಮ್ ಚೆಂದ ಕಾಣಲಿ ಅಂತ ಸಾಮಾನು ಆಚೀಚೆ ಮಾಡಿರುತ್ತಾರೆ.

ನಾನು ಹಿಡಿದುಕೊಂಡಿದ್ದು 2009ರ 'ಅಪ್'. ಪಿಕ್ಸಾರ್‌ನದು, 96 ನಿಮಿಷ. ಮುದುಕ ಕಾರ್ಲ್ ಮನೆಗೆ ಬಲೂನು ಕಟ್ಟಿ ಹಾರುವ ಕಥೆ, ನೀವೆಲ್ಲ ನೋಡಿರುತ್ತೀರಿ.

ಮೊದಲು ಸುಮ್ನೆ ನೋಡುತ್ತಾ ಬರೆದುಕೊಳ್ಳಲು ಕೂತೆ. ಆಗಲೇ ಇಲ್ಲ. ಕಾರ್ಲ್ ಮತ್ತು ಅವನ ಹೆಂಡತಿ ಎಲ್ಲೀ ಸಂಸಾರದ ಆ ಮೊದಲ ಭಾಗ ಬಂತೆಂದರೆ ಪೆನ್ನು ಕೈಯಲ್ಲೇ ಉಳಿಯುತ್ತದೆ. ಆಮೇಲೆ ಎರಡು ಫ್ರೇಮ್ ಹೋಲಿಸುವ ಸಾಫ್ಟ್‌ವೇರ್ ಹಾಕಿದೆ, ಅದು ಪ್ರತಿ ಕಟ್‌ಗೂ, ಅಂದರೆ ಶಾಟ್ ಬದಲಾದಾಗಲೆಲ್ಲ, ತಪ್ಪು ತೋರಿಸಿತು. ಡಿವಿಡಿಯದು ಇನ್ನೊಂದು ತಲೆನೋವು. ನಮ್ಮ ಕಡೆಯ ಡಿವಿಡಿ ಪಾಲ್ ಅನ್ನುವ ವಿಡಿಯೋ ಪದ್ಧತಿಯದು, ಸೆಕೆಂಡಿಗೆ 25 ಫ್ರೇಮ್. ಸಿನಿಮಾ ಮಾಡಿದ್ದು 24ಕ್ಕೆ. ಹಾಗಾಗಿ ನಾಲ್ಕು ನಿಮಿಷದಷ್ಟು ಬೇಗ ಮುಗಿಯುತ್ತದೆ, ನನ್ನ ಟೈಮ್‌ಕೋಡ್ ಬ್ಲೂ-ರೇ ನೋಡಿದವರದಕ್ಕೆ ತಾಳೆಯಾಗುವುದಿಲ್ಲ. ಹಳೇ ಬ್ಲೂ-ರೇ ಡ್ರೈವ್ ಒಂದನ್ನು ತಗೊಂಡೆ, ವಾರದಲ್ಲೇ ಕೈಕೊಟ್ಟಿತು, ಅಂಗಡಿಯವನು ದುಡ್ಡು ವಾಪಸ್ ಕೊಡಲಿಲ್ಲ. ಇನ್ನೊಂದು ಡ್ರೈವ್, ಡಿಸ್ಕ್, ಪ್ರಿಂಟ್ ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ ಕೈಬಿಟ್ಟಿರಬೇಕು.

ಕೊನೆಗೆ ಕೈ ಹಿಡಿದದ್ದು ಇದು. ಸೌಂಡ್ ಪೂರ್ತಿ ಬಂದ್. ಪ್ರತಿ ಕಟ್‌ನ ಹಿಂದಿನ ಕೊನೇ ಫ್ರೇಮ್ ಮತ್ತು ಮುಂದಿನ ಮೊದಲ ಫ್ರೇಮ್ ಜೋಡಿಸಿ ಎ3 ಹಾಳೆಯಲ್ಲಿ ಪ್ರಿಂಟ್. ಒಂದೊಂದು ಸುತ್ತಿನಲ್ಲೂ ಒಂದೇ ವಸ್ತು ನೋಡುವುದು: ಒಮ್ಮೆ ಕಾರ್ಲ್ ಕೋಟಿನ ಮೇಲಿನ ಸೋಡಾ ಮುಚ್ಚಳ, ಒಮ್ಮೆ ಅವನ ಊರುಗೋಲಿನ ಟೆನಿಸ್ ಚೆಂಡುಗಳು, ಒಮ್ಮೆ ಅವನ ಜೊತೆ ಹಾರುವ ಹುಡುಗ ರಸೆಲ್‌ನ ಎದೆಪಟ್ಟಿಯ ಬ್ಯಾಡ್ಜ್. ವಿಎಲ್‌ಸಿ ಪ್ಲೇಯರ್‌ನಲ್ಲಿ ಇ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಹಿಂದೆಯೂ ಬೇಕಲ್ವಾ, ಅದಕ್ಕೆ ಎಂಪಿವಿ ಅನ್ನುವ ಇನ್ನೊಂದು ಪ್ಲೇಯರ್. ಕತ್ತಲ ಶಾಟ್‌ಗಳು ಕಾಣಲಿ ಅಂತ ಲೆವೆಲ್ಸ್ (ಬೆಳಕು-ಕಪ್ಪಿನ ಹೊಂದಾಣಿಕೆ) ಎಷ್ಟು ಇಟ್ಟೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಹಾಂ, ಸಿನಿಮಾದಲ್ಲಿ ಬರುವ ಕೋರ್ಟಿನ ಕೋಣೆ ನಂಬರ್ ಎ113 ತಪ್ಪಲ್ಲ. ಅದು ಅಮೆರಿಕದ ಕ್ಯಾಲ್‌ಆರ್ಟ್ಸ್ ಕಲಾ ಕಾಲೇಜಿನಲ್ಲಿ ಅನಿಮೇಟರ್‌ಗಳು ಕಲಿತ ಕ್ಲಾಸ್‌ರೂಮ್, ಬೇಕೆಂದೇ ಇಟ್ಟಿದ್ದು. ಅಂಥವಕ್ಕೆ ನನ್ನ ಪಟ್ಟಿಯಲ್ಲಿ ಹಸಿರು ಪೆನ್ನು.

ನಾನು ಗೆದ್ದಿದ್ದು ಬಲೂನಿನ ಗೊಂಚಲಿನಲ್ಲಿ. ಮನೆ ಮೇಲೇಳುವಾಗಿನ ಗೊಂಚಲು, ಆಮೇಲೆ ತೇಲುವಾಗಿನದು, ಎರಡನ್ನೂ ಮನೆಯ ಅಗಲಕ್ಕೆ ಹೋಲಿಸಿ ಹಾಳೆ ಮೇಲೆ ಸ್ಕೇಲ್ ಇಟ್ಟು ಅಳೆದೆ. ತೇಲುವಾಗ ಚಿಕ್ಕದು. ಕ್ಯಾಮೆರಾ ದೂರ ಹೋಗಿದೆ ಅಂದರು ಗೆಳೆಯರು; ಮನೆಯೂ ಅಷ್ಟೇ ದೂರ ಹೋಗಿರುತ್ತದೆ ಅಲ್ವಾ? ಕಾರ್ಲ್ ದಾರ ಕತ್ತರಿಸುತ್ತಾನಲ್ಲ ಅಂದರು. ಅದಕ್ಕೂ ಮೊದಲಿನ ಶಾಟ್‌ಗಳನ್ನೇ ಮುಂದಿಟ್ಟೆ. ಆಮೇಲೆ ಪಿಕ್ಸಾರ್‌ನವರದೇ ಲೆಕ್ಕ ತೋರಿಸಿದೆ: ಮೇಲೇಳುವಾಗ 20,622 ಬಲೂನು, ತೇಲುವ ಹೆಚ್ಚಿನ ಶಾಟ್‌ಗಳಲ್ಲಿ 10,297. ಅರ್ಧಕ್ಕರ್ಧ! ಸಂಖ್ಯೆ ಅರ್ಧವಾದರೂ ಗೊಂಚಲಿನ ಅಗಲ ಐದರಲ್ಲೊಂದು ಪಾಲು ಇಳಿದರೆ ಜಾಸ್ತಿ, ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಸ್ಕೇಲಿಗೆ ಬಿತ್ತು.

ಅದೇ ಗುಂಗಿನಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ದೊಡ್ಡ ಗ್ಯಾಸ್ ಬಲೂನು ತಗೊಂಡು ಅಕ್ಕಸಾಲಿಗ ಗೆಳೆಯನ ತಕ್ಕಡಿಗೆ ಕಟ್ಟಿ ನೋಡಿದೆ. ಒಂದಕ್ಕೆ ಹತ್ತು ಗ್ರಾಂ ಆಸುಪಾಸು ಎತ್ತಿತು. 20,622 ಕಟ್ಟಿದರೂ ಇನ್ನೂರು ಕೆಜಿ ಚಿಲ್ಲರೆ. ಮನೆ ಬಿಡಿ, ಕಾರ್ಲ್, ರಸೆಲ್ ಮತ್ತು ಕಾರ್ಲ್ ಕೂರುವ ಆ ಕುರ್ಚಿ ಮೇಲೆದ್ದರೆ ಹೆಚ್ಚು.

ಈಗ ವಯಸ್ಸಿನ ಲೆಕ್ಕ ಹಿಡಿದಿದ್ದೇನೆ. ಕಾರ್ಲ್‌ಗೆ 78. ಅವನು ಚಿಕ್ಕ ಹುಡುಗನಾಗಿದ್ದಾಗಲೇ ಸಿನಿಮಾದ ಖಳನಾಯಕ ಮಂಟ್ಜ್ ದೊಡ್ಡ ಹೆಸರು ಮಾಡಿದ ಸಾಹಸಿ. ಅಂದರೆ ಮಂಟ್ಜ್‌ಗೆ 90 ದಾಟಿರಲೇಬೇಕು, ಆದರೂ ಕತ್ತಿ ಹಿಡಿದು ಹೊಡೆದಾಡುತ್ತಾನೆ. ಇದು ತಪ್ಪಲ್ಲ, ಕಥೆ ಅನ್ನುತ್ತಾರೆ ಗೆಳೆಯರು. ನಾನಂತೂ ಕೆಂಪು ಪೆನ್ನಲ್ಲೇ ಬರೆದಿದ್ದೇನೆ.