ಪನಾಮ ಕಾಲುವೆಯನ್ನು ಹಡಗಿನಲ್ಲಿ ದಾಟುವವರಿಗೆ

ಪನಾಮ ಕಾಲುವೆಯ ಕ್ರೂಸ್ ಪ್ರವಾಸಕ್ಕೆ ಹಣ ಕಟ್ಟುವ ಮುನ್ನ, ಹಡಗು ಕಾಲುವೆಯನ್ನು ಪೂರ್ತಿ ದಾಟುತ್ತದೆಯೋ ಅಥವಾ ಗಾಟೂನ್ ಸರೋವರದವರೆಗೆ ಹೋಗಿ ಬಂದ ದಾರಿಯಲ್ಲೇ ಹಿಂತಿರುಗುತ್ತದೆಯೋ ಎಂಬುದನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಹಿಂತಿರುಗುವ ಹಡಗಿನಿಂದ ಬೆಟ್ಟ ಸೀಳಿ ಮಾಡಿದ ಕುಲೇಬ್ರಾ ಕಣಿವೆಯಾಗಲಿ ಪೆಸಿಫಿಕ್ ಕಡೆಯ ಲಾಕುಗಳಾಗಲಿ (ನೀರು ತುಂಬಿಸಿ ಇಲ್ಲವೇ ಇಳಿಸಿ ಹಡಗನ್ನು ಏರಿಸುವ, ಇಳಿಸುವ ಬಾಗಿಲುಳ್ಳ ಕೋಣೆಗಳು) ಕಾಣುವುದಿಲ್ಲ. ಹಡಗು 1914ರ ಹಳೆಯ ಲಾಕುಗಳಲ್ಲಿ ಹೋಗುತ್ತದೆಯೋ, 2016ರಲ್ಲಿ ತೆರೆದ ಹೊಸ ಲಾಕುಗಳಲ್ಲೋ ಎಂಬುದನ್ನೂ ವಿಚಾರಿಸಿ. ಆಯ್ಕೆ ಇದ್ದರೆ ಹಳೆಯದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಹಳದಿ ಜ್ವರದ ಅಪಾಯವಿರುವ ದೇಶಗಳ ಭಾರತ ಸರ್ಕಾರದ ಪಟ್ಟಿಯಲ್ಲಿ ಪನಾಮವೂ ಇರುವುದರಿಂದ, ಊರಿಗೆ ಮರಳುವಾಗ ತೊಂದರೆಯಾಗದಂತೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಅದು ಊರ್ಜಿತವಾಗುತ್ತದೆ. ಹಡಗು ಫ್ಲಾರಿಡಾದಿಂದ ಹೊರಡುವುದಾದರೆ ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಬಾರಿಯ ಪ್ರವೇಶಕ್ಕೆ ಅವಕಾಶ ಕೊಡುವಂಥದ್ದಾಗಿರಲಿ.

ಕಾಲುವೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು, ಟೋಪಿ ಮತ್ತು ನೀರಿನ ಬಾಟಲಿಯೊಂದಿಗೆ ಮುಂಭಾಗದ ಡೆಕ್ಕಿನಲ್ಲಿ ಜಾಗ ಹಿಡಿಯಿರಿ. ಅಟ್ಲಾಂಟಿಕ್ ಕಡೆಯಿಂದ ಬರುವ ಹಡಗನ್ನು ಗಾಟೂನಿನ ಮೂರು ಲಾಕುಗಳು ಸಮುದ್ರ ಮಟ್ಟದಿಂದ ಸುಮಾರು 26 ಮೀಟರ್ ಮೇಲಕ್ಕೆತ್ತುತ್ತವೆ. ಇದಕ್ಕೆ ಪಂಪಿನ ನೆರವಿಲ್ಲ. ಮೇಲಿರುವ ಸರೋವರದ ನೀರು ತನ್ನ ಭಾರದಿಂದಲೇ ತೂಬುಗಳ ಮೂಲಕ ಕೆಳಗಿನ ಕೋಣೆಗೆ ಹರಿದು ತುಂಬುತ್ತದೆ, ಹಡಗು ಅದರೊಂದಿಗೆ ಏಳುತ್ತದೆ. ಮೊದಲ ಲಾಕನ್ನು ಮೇಲಿನಿಂದ ನೋಡಿದ ಬಳಿಕ, ಎರಡನೆಯದಕ್ಕೆ ಕೆಳಗಿನ ಡೆಕ್ಕಿಗೆ ಇಳಿದು ಹಡಗಿನ ಪಕ್ಕದಲ್ಲಿ ನಿಲ್ಲಿ. ಕೋಣೆಯ ಅಗಲ 33.5 ಮೀಟರ್, ಅದಕ್ಕೆಂದೇ ಅಳತೆಯಿಟ್ಟು ಕಟ್ಟಿದ ಹಡಗುಗಳ ಅಗಲ ಸುಮಾರು 32.3 ಮೀಟರ್. ಕಾಂಕ್ರೀಟ್ ಗೋಡೆ ಕೈಗೆಟುಕುವಷ್ಟು ಹತ್ತಿರದಲ್ಲಿ ಕೆಳಕ್ಕೆ ಜಾರುತ್ತಿರುವಂತೆ ತೋರುತ್ತದೆ. ಎರಡೂ ದಡಗಳ ಹಳಿಗಳ ಮೇಲೆ ಓಡುವ, ‘ಹೇಸರಗತ್ತೆ’ ಎಂಬ ಅಡ್ಡಹೆಸರಿನ ವಿದ್ಯುತ್ ಎಂಜಿನುಗಳು ತಂತಿ ಬಿಗಿಹಿಡಿದು ಹಡಗನ್ನು ನಡುಮಧ್ಯದಲ್ಲಿ ನಿಲ್ಲಿಸುವ ಕೌಶಲವನ್ನು ಗಮನಿಸಿ. ಹೊಸ ಲಾಕುಗಳಲ್ಲಿ ಈ ಕೆಲಸ ಟಗ್ ದೋಣಿಗಳದ್ದು.

ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಗಾಟೂನ್ ಸರೋವರವನ್ನು ದಾಟುವಾಗ ಊಟ, ವಿಶ್ರಾಂತಿ ಮುಗಿಸಿಕೊಳ್ಳಬಹುದು. ಸುತ್ತ ಕಾಣುವ ದ್ವೀಪಗಳೆಲ್ಲ ಮುಳುಗಿದ ಗುಡ್ಡಗಳ ನೆತ್ತಿಗಳು.

ಕುಲೇಬ್ರಾದ ಹೊತ್ತಿಗೆ ಮಾತ್ರ ಡೆಕ್ಕಿಗೆ ಮರಳಲೇಬೇಕು. ಖಂಡದ ಬೆನ್ನೆಲುಬಾದ ಬೆಟ್ಟಸಾಲನ್ನು ಸುಮಾರು 13 ಕಿಲೋಮೀಟರ್ ಉದ್ದಕ್ಕೆ ಸೀಳಿದ ಈ ಕಣಿವೆಯಲ್ಲಿ, ಮತ್ತೆಮತ್ತೆ ಕುಸಿಯುತ್ತಿದ್ದ ಮಣ್ಣನ್ನು ಅಗೆದು ಸಾಗಿಸಿದವರಲ್ಲಿ ಬಹುಪಾಲು ಜನ ಬಾರ್ಬಡೋಸ್ ಮೊದಲಾದ ಕೆರಿಬಿಯನ್ ದ್ವೀಪಗಳಿಂದ ಬಂದ ಕೂಲಿಕಾರರು. ರೋಗ, ಸ್ಫೋಟ, ಕುಸಿತಗಳಿಗೆ ಅವರಲ್ಲಿ ಸಾವಿರಾರು ಮಂದಿ ಬಲಿಯಾದರು. ಇಕ್ಕೆಲದ ಮೆಟ್ಟಿಲುಮೆಟ್ಟಿಲಾದ ಇಳಿಜಾರುಗಳನ್ನು ಆ ನೆನಪಿನೊಂದಿಗೆ ನೋಡಬೇಕು.

ಮುಂದೆ ಪೆಡ್ರೊ ಮಿಗೆಲ್‌ನಲ್ಲಿ ಒಂದು ಮೆಟ್ಟಿಲು, ಮಿರಾಫ್ಲೋರೆಸ್‌ನಲ್ಲಿ ಎರಡು ಮೆಟ್ಟಿಲು ಇಳಿಯಬೇಕು. ಪೆಸಿಫಿಕ್‌ನ ಭರತ ಇಳಿತಗಳ ಅಂತರ ಬಹಳ ದೊಡ್ಡದಾದ್ದರಿಂದ, ಹಳೆಯ ಲಾಕುಗಳ ಪೈಕಿ ಅತಿ ಎತ್ತರದ ಬಾಗಿಲುಗಳು ಮಿರಾಫ್ಲೋರೆಸ್‌ನಲ್ಲಿವೆ. ಕೊನೆಯ ಬಾಗಿಲು ತೆರೆದ ಮೇಲೂ ಒಳಗೆ ಹೋಗಬೇಡಿ: ಸ್ವಲ್ಪ ಹೊತ್ತಿನಲ್ಲೇ ಹಡಗು ಅಮೆರಿಕಗಳ ಸೇತುವೆಯ ಕೆಳಗೆ ಹಾಯುತ್ತದೆ, ಎಡಕ್ಕೆ ಪನಾಮ ನಗರದ ಗೋಪುರಗಳು ಮೂಡುತ್ತವೆ.