ಮ್ಯಾಗ್ನಮ್ ತೋಟಾಕ್ಕೆ ಮದ್ದು ಆರಿಸಿದ್ದು: ನನ್ನ ಅನುಭವ

ಹೊಡೆದ ತೋಟಾದ ಕೇಸಿಗೆ (ಹಿತ್ತಾಳೆ ಕೋಶಕ್ಕೆ) ನಾನೇ ಮದ್ದು ತುಂಬಿ ಮತ್ತೆ ಬಳಸುತ್ತೇನೆ. .300 ವಿಂಚೆಸ್ಟರ್ ಮ್ಯಾಗ್ನಮ್ ಅನ್ನುವ ರೈಫಲ್ ತೋಟಾಕ್ಕೆ, ಅದೂ 24 ಇಂಚಿನ ನಳಿಗೆಗೆ, ಎಚ್1000 ಅನ್ನುವ ನಿಧಾನವಾಗಿ ಉರಿಯುವ ಮದ್ದು ತುಂಬುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಅಷ್ಟು ನಿಧಾನದ ಮದ್ದು ಉದ್ದ ನಳಿಗೆಯವರಿಗೆ, ನಿನ್ನ ಕೋವಿಯಲ್ಲಿ ಅರ್ಧ ಮದ್ದು ಬಾಯಿಂದಾಚೆ ಬಂದು ಉರಿಯುತ್ತೆ ಅಂದರು. ಈಗ ಅದೇ ಈಡು (ಮದ್ದು-ಗುಂಡಿನ ಹೊಂದಿಕೆ) ಕೊರೆಯುವ ಚಳಿಯಲ್ಲೂ ಸುಡುಬಿಸಿಲಲ್ಲೂ ಗುರಿಹಲಗೆಯ ಒಂದೇ ಜಾಗಕ್ಕೆ ಬೀಳುತ್ತಿದೆ. ಬೇಡ ಅಂದವರಲ್ಲಿ ಇಬ್ಬರು ಈಗ ಅದೇ ಮದ್ದು ತುಂಬುತ್ತಿದ್ದಾರೆ. ಹಾಗಾಗಿ ಹೇಗೆ ಇಲ್ಲಿಗೆ ಬಂದೆ ಅನ್ನುವುದನ್ನು ಬರೆದಿಡೋಣ ಅನ್ನಿಸಿತು. ಪ್ರೆಸ್, ಡೈ, ತಕ್ಕಡಿ ಮುಂತಾದ ತೋಟಾ ತುಂಬುವ ಸಲಕರಣೆ ನಿಮಗೆ ಗೊತ್ತಿರುವುದೇ, ಅದನ್ನು ಹೇಳುತ್ತಾ ಕೂರುವುದಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ವೇಗದ ಬೆನ್ನು ಹತ್ತಿದ್ದೆ. ಆಗ ಕೈಗೆ ಬಂದದ್ದು ಒಂದು ಡಬಲ್ ಬೇಸ್ ಮದ್ದು. ನೈಟ್ರೋಸೆಲ್ಯುಲೋಸ್ ಜೊತೆಗೆ ನೈಟ್ರೋಗ್ಲಿಸರಿನ್ ಇರುವುದರಿಂದ ಅಷ್ಟೇ ತೂಕದಲ್ಲಿ ಹೆಚ್ಚು ಕಸುವು. ಹೆಸರು ಬೇಡ. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಮೇಲೆ ಅಂಕಿ ನೋಡಿ ಹಿಗ್ಗುವಂಥ ವೇಗ ಕೊಟ್ಟಿತು, 180 ಗ್ರೇನ್ (ತೂಕದ ಸಣ್ಣ ಅಳತೆ) ಗುಂಡಿಗೆ ಸೆಕೆಂಡಿಗೆ 3,000 ಅಡಿ ದಾಟಿತು. ಆ ಈಡನ್ನು ಕಟ್ಟಿದ್ದು ತಂಪು ಹವೆಯಲ್ಲಿ. ಬಿಸಿಲು ಏರಿದ ಮೇಲೆ ಅದೇ ತೋಟಾ ಹೊಡೆದರೆ ಬೋಲ್ಟ್ ಹಿಡಿ ಎತ್ತಲು ಬಿಗಿ, ಕೇಸಿನ ಬುಡದಲ್ಲಿ ಎಜೆಕ್ಟರ್ (ಕೇಸನ್ನು ಹೊರದೂಡುವ ಭಾಗ) ಒತ್ತಿದ ಗುರುತು ಹೊಳೆಯುತ್ತಿದೆ, ಎರಡೂ ಒತ್ತಡ ಮಿತಿಮೀರಿದ ಲಕ್ಷಣ. ವೇಗ ಸುಮಾರು 70 ಅಡಿ ಏರಿತ್ತು ಅಂತ ನೆನಪು. .300 ವಿನ್‌ಮ್ಯಾಗ್‌ಗೆ ಅಮೆರಿಕದ ಕೋವಿ-ತೋಟಾ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಒತ್ತಡದ ಮಿತಿಯೇ 64,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದರ ಅಂಚಿಗೆ ಚಳಿಯಲ್ಲಿ ನಿಂತ ಈಡು ಬಿಸಿಲಲ್ಲಿ ಎಲ್ಲಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಡಬ್ಬದ ಉಳಿದ ಮದ್ದು ಹಾಗೇ ಮೂಲೆ ಸೇರಿತು.

ಅಲ್ಲಿಂದ ಬಾಲ್ ಪೌಡರ್‌ಗೆ, ಅಂದರೆ ಸಣ್ಣ ದುಂಡು ಕಾಳಿನ ಮದ್ದಿಗೆ, ಹೋದೆ. ಮೆಷರ್‌ನಿಂದ (ಮದ್ದು ಅಳೆದು ಸುರಿಯುವ ಸಾಧನದಿಂದ) ನೀರಿನಂತೆ ಇಳಿಯುತ್ತದೆ, ತಕ್ಕಡಿಯ ಕೆಲಸವೇ ಕಡಿಮೆ. ಆದರೆ ಕಾಳಿನ ಮೇಲಿನ ಲೇಪ ದಪ್ಪ, ಹೊತ್ತಿಕೊಳ್ಳುವುದು ಕಷ್ಟ. ಕಡುಚಳಿಯಲ್ಲಿ ಹತ್ತು ಈಡು ಹೊಡೆದರೆ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ 60 ಅಡಿಗಿಂತ ಹೆಚ್ಚು ಅಂತರ. ಫೆಡರಲ್ 215 ಪ್ರೈಮರ್ (ಮದ್ದು ಹೊತ್ತಿಸುವ ಪುಟ್ಟ ಬಟ್ಟಲು, ಇದು ಜೋರು ಕಿಡಿಯದು) ಹಾಕಿ ಮತ್ತೆ ಕೆಳಗಿನಿಂದ ಕಟ್ಟಿದ ಮೇಲೆ ಅಂತರ ಇಳಿಯಿತು, ಆದರೂ ದೂರದ ಗುರಿಗೆ ನಂಬುವಷ್ಟಲ್ಲ. 100 ಗಜದಲ್ಲಿ ಇದು ಕಾಣುವುದೇ ಇಲ್ಲ, ಅಲ್ಲೇ ಜನ ಮೋಸ ಹೋಗುವುದು. ಗುಂಡುಗಳು ಹತ್ತಿರ ಹತ್ತಿರ ಬೀಳುತ್ತಿವೆ ಅಂತ ಬಿಟ್ಟರೆ 500 ಗಜದಲ್ಲಿ ಮೇಲೆ ಕೆಳಗೆ ಚೆದುರುತ್ತದೆ.

ದುಡ್ಡಿನ ಮಾತಿಗೆ ಬರೋಣ. ಒಂದು ಪೌಂಡಿಗೆ 7,000 ಗ್ರೇನ್. ಲೆಕ್ಕಕ್ಕೆ ಮಾತ್ರ ಒಂದು ಈಡಿಗೆ 75 ಅಂತ ಇಟ್ಟುಕೊಳ್ಳಿ, ಪೌಂಡಿಗೆ ತೊಂಬತ್ತು ಚಿಲ್ಲರೆ ತೋಟಾ. ಈಡು ಕಟ್ಟುವುದರಲ್ಲೇ ಅರ್ಧ ಡಬ್ಬ ಖಾಲಿ. ಹೀಗೆ ಒಂದೊಂದು ಪೌಂಡು ತಂದು ನೋಡಿ ಬಿಟ್ಟ ಡಬ್ಬಗಳ ದುಡ್ಡು ಒಟ್ಟು ಮಾಡಿದರೆ ಎಂಟು ಪೌಂಡಿನ ದೊಡ್ಡ ಡಬ್ಬಕ್ಕೆ ಸಾಕಾಗುತ್ತಿತ್ತು. ಗುಂಡು, ಪ್ರೈಮರ್ ಖರ್ಚು ಬೇರೆ. ಎಲ್ಲಕ್ಕಿಂತ ದೊಡ್ಡ ಖರ್ಚು ಯಾರೂ ಲೆಕ್ಕ ಇಡದ್ದು: ನಳಿಗೆ. ಈ ಜಾತಿಯ ಮ್ಯಾಗ್ನಮ್ ನಳಿಗೆಗೆ ಸಾವಿರದಿಂದ ಎರಡು ಸಾವಿರ ಈಡಿನ ಆಯಸ್ಸು, ಬಿಸಿಯಾದ ಮೇಲೂ ಹೊಡೆಯುತ್ತಲೇ ಹೋದರೆ ಅದೂ ಇಲ್ಲ. ಮದ್ದು ಹುಡುಕುವುದರಲ್ಲೇ ಅದರ ಕಾಲು ಭಾಗ ತಿಂದರೆ ಉಳಿಯುವುದೇನು? ಹೊಸ ನಳಿಗೆ ಹಾಕಿಸುವ ದುಡ್ಡಿಗೆ ದೊಡ್ಡ ಡಬ್ಬ ಎರಡಾದರೂ ಬರುತ್ತವೆ.

ಅದಕ್ಕೇ ಬರ್ನ್ ರೇಟ್ ಪಟ್ಟಿ (ಯಾವ ಮದ್ದು ಎಷ್ಟು ಬೇಗ ಉರಿಯುತ್ತದೆ ಅನ್ನುವ ಪಟ್ಟಿ) ಮಡಚಿಟ್ಟು ಎರಡೇ ಪ್ರಶ್ನೆ ಇಟ್ಟುಕೊಂಡೆ. ಕೈಪಿಡಿಯ ಮಿತಿಯೊಳಗಿನ ಈಡು ಕೇಸನ್ನು ಭುಜದ (ಬಾಯಿ ಕಡೆ ಕಿರಿದಾಗುವ ಭಾಗದ) ತನಕ ತುಂಬುತ್ತದೆಯೇ? ಬಿಸಿ-ತಂಪಿಗೆ ಅಲುಗದೆ ಇರುತ್ತದೆಯೇ? ಕೇಸು ತುಂಬಿದ್ದರೆ ಕೋವಿ ಮೇಲೆತ್ತಿದರೂ ಕೆಳಗಿಳಿಸಿದರೂ ಮದ್ದು ಪ್ರೈಮರ್ ಬಾಯಿಯ ಮುಂದೆ ಒಂದೇ ರೀತಿ ಕೂತಿರುತ್ತದೆ, ಹೊತ್ತುವುದೂ ಒಂದೇ ರೀತಿ. ಎರಡು ಸಲ ಸುರಿದರೆ ಉಕ್ಕಿ ಚೆಲ್ಲಿ ಗೊತ್ತಾಗಿಬಿಡುತ್ತದೆ, ಅದೂ ಒಂದು ನೆಮ್ಮದಿ.

ಈ ಎರಡಕ್ಕೂ ಹೂಂ ಅಂದವು ಆಸ್ಟ್ರೇಲಿಯಾದಲ್ಲಿ ತಯಾರಾಗಿ ಅಮೆರಿಕದ ಹಾಜ್‌ಡನ್ ಕಂಪನಿಯ ಹೆಸರಿನಲ್ಲಿ ಬರುವ ಕಡ್ಡಿಯಂಥ ಕಾಳಿನ ಮದ್ದುಗಳು: ಎಚ್4831ಎಸ್‌ಸಿ (ಎಸ್‌ಸಿ ಅಂದರೆ ಗಿಡ್ಡಗೆ ಕತ್ತರಿಸಿದ ಕಾಳು), ಎಚ್1000, ರಿಟಂಬೊ. ಎಚ್1000ನ್ನೇ ಅಲ್ಲಿ ಎಆರ್2217 ಅನ್ನುತ್ತಾರೆ. 4831ಕ್ಕೆ ದೊಡ್ಡ ಚರಿತ್ರೆಯೇ ಇದೆ. ಎರಡನೇ ಮಹಾಯುದ್ಧದ 20 ಮಿಲಿಮೀಟರ್ ಫಿರಂಗಿಗೆ ಮಾಡಿದ್ದು, ಉಳಿದದ್ದನ್ನು ಬ್ರೂಸ್ ಹಾಜ್‌ಡನ್ ಕೊಂಡು ತೋಟಾ ತುಂಬುವವರಿಗೆ ಮಾರಿದರು. ಮ್ಯಾಗ್ನಮ್‌ಗಳಿಗೆ ನಿಧಾನದ ಮದ್ದು ಹೊಂದುತ್ತದೆ ಅಂತ ಒಂದು ಪೀಳಿಗೆ ಕಲಿತದ್ದು ಅದರಿಂದಲೇ. ಒಂದು ಎಚ್ಚರ: ಐಎಂಆರ್ ಅನ್ನುವ ಬ್ರಾಂಡಿನ 4831 ಬೇರೆ, ಎಚ್4831 ಬೇರೆ. ಐಎಂಆರ್ ಬೇಗ ಉರಿಯುತ್ತದೆ. ಎಚ್4831ರ ಪಟ್ಟಿ ನೋಡಿ ಐಎಂಆರ್ ತುಂಬಿದರೆ ಕೋವಿಯೂ ಉಳಿಯದು, ಮುಖವೂ ಉಳಿಯದು.

ಮೂರರಲ್ಲಿ 200 ಗ್ರೇನ್ ಗುಂಡಿಗೆ ಎಚ್1000 ನಿಂತಿತು. 4831 ಕೂಡ ಒಳ್ಳೆಯದೇ, ಆದರೆ ಭಾರದ ಗುಂಡಿಗೆ ಒತ್ತಡ ಬೇಗ ಏರುತ್ತದೆ, ಕೇಸಿನಲ್ಲಿ ಜಾಗ ಉಳಿಯುತ್ತದೆ. ರಿಟಂಬೊ ಇನ್ನೂ ದೊಡ್ಡ ಹೊಟ್ಟೆಯ ಕೇಸುಗಳಿಗೆ, .300 ರೆಮಿಂಗ್ಟನ್ ಅಲ್ಟ್ರಾ ಮ್ಯಾಗ್ ಥರದವಕ್ಕೆ. ನನ್ನ ಕೇಸಿನಲ್ಲಿ ಕಿಕ್ಕಿರಿದು ತುಂಬಿದರೂ ಎಚ್1000 ಕೊಟ್ಟ ವೇಗ ಮುಟ್ಟಲಿಲ್ಲ.

ನಳಿಗೆಯ ಉದ್ದದ ವಾದಕ್ಕೆ ಉತ್ತರ ಕ್ರೋನೋಗ್ರಾಫೇ ಕೊಟ್ಟಿತು. ಮದ್ದಿನ ಬಹುಪಾಲು ಉರಿಯುವುದು ಚೇಂಬರಿನಲ್ಲಿ (ತೋಟಾ ಕೂರುವ ಗೂಡಿನಲ್ಲಿ) ಮತ್ತು ಅದರ ಮುಂದಿನ ಕೆಲವು ಇಂಚಿನಲ್ಲಿ. ಬಾಯಲ್ಲಿ ಕಾಣುವ ಬೆಂಕಿ ಹೆಚ್ಚಿನಂಶ ಬಿಸಿ ಅನಿಲ ಹೊರಗಿನ ಗಾಳಿ ಸೋಕಿ ಹೊತ್ತುವುದು. ಉದ್ದ ನಳಿಗೆಯಲ್ಲಿ ಹೆಚ್ಚು ವೇಗ ಕೊಡುವ ಮದ್ದು ಸಾಮಾನ್ಯವಾಗಿ ಗಿಡ್ಡ ನಳಿಗೆಯಲ್ಲೂ ಹೆಚ್ಚು ಕೊಡುತ್ತದೆ, ಅಂತರ ಕಡಿಮೆಯಾಗಬಹುದು ಅಷ್ಟೆ. ಗೆಳೆಯನ 26 ಇಂಚಿನದಕ್ಕೂ ನನ್ನದಕ್ಕೂ ಹೋಲಿಸಿದರೆ ನನಗೆ 50 ಅಡಿಯಷ್ಟು ಕಡಿಮೆ ಬಂತು. ಬೇಗ ಉರಿಯುವ ಮದ್ದಿನಲ್ಲೂ ಅಂತರ ಹೆಚ್ಚುಕಡಿಮೆ ಅಷ್ಟೇ ಇತ್ತು.

ಈಡು ಕಟ್ಟುವಾಗ ಕೈಪಿಡಿಯ ಆರಂಭದ ತೂಕದಿಂದ ಅರ್ಧರ್ಧ ಗ್ರೇನ್ ಏರಿಸಿದೆ. ಆರಂಭಕ್ಕಿಂತ ಕೆಳಗೆ ಎಂದೂ ಇಳಿಯಲಿಲ್ಲ. ನಿಧಾನದ ಮದ್ದನ್ನು ದೊಡ್ಡ ಕೇಸಿನಲ್ಲಿ ಅರೆಬರೆ ತುಂಬಿದರೆ ಒತ್ತಡ ಇದ್ದಕ್ಕಿದ್ದಂತೆ ಸಿಡಿದು ಕೋವಿ ಒಡೆದ ಪ್ರಸಂಗಗಳಿವೆ, ಕಡಿಮೆ ತುಂಬಿದರೆ ಕ್ಷೇಮ ಅನ್ನುವ ಮಾತು ಇಲ್ಲಿ ನಡೆಯದು. ಮೇಲೇರುತ್ತಾ ಒಂದು ಕಡೆ ಗುಂಡುಗಳು ಎತ್ತರದಲ್ಲಿ ಒಟ್ಟಿಗೆ ಸೇರುತ್ತವೆ, ತೂಕ ತುಸು ಆಚೀಚೆ ಆದರೂ ಜಾಗ ಬದಲಿಸುವುದಿಲ್ಲ. ಅಲ್ಲೇ ನಿಂತೆ, ಗರಿಷ್ಠಕ್ಕಿಂತ ಸಾಕಷ್ಟು ಕೆಳಗೆ. ವೇಗ 2,850 ಅಡಿಯ ಆಸುಪಾಸು, ಹತ್ತು ಈಡಿನ ಅಂತರ 20ರ ಒಳಗೆ. ತೂಕ ಎಷ್ಟು ಅಂತ ಕೇಳಬೇಡಿ. ನನ್ನ ಚೇಂಬರಿಗೆ ಕೂತದ್ದು ನಿಮ್ಮದಕ್ಕೆ ಕೂರಲೇಬೇಕೆಂದಿಲ್ಲ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸುತ್ತೇನೆ ಅನ್ನುವುದೂ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ, ಅದಕ್ಕೆ ಸುರಿದ ಗುಂಡುಗಳ ಬೆಲೆ ನನಗೆ ಗೊತ್ತು.

ಬಿಸಿ-ತಂಪಿನ ಪರೀಕ್ಷೆಗೆ ಒಂದು ಕಟ್ಟು ತೋಟಾ ಐಸ್ ಪೆಟ್ಟಿಗೆಯಲ್ಲಿ, ಇನ್ನೊಂದು ಬಿಸಿಲಲ್ಲಿ. ಬಿಸಿಲಿನದನ್ನು ಮೊದಲು ಕೆಳಗಿನ ತೂಕದಲ್ಲಿ ನೋಡಿಯೇ ಮುಂದೆ ಹೋಗಿದ್ದು. ಸುಮಾರು 35 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ವೇಗ ಬದಲಾದದ್ದು 15 ಅಡಿಯೋ ಏನೋ. ಅಂದೇ ದೊಡ್ಡ ಡಬ್ಬಕ್ಕೆ ದುಡ್ಡು ಕೊಟ್ಟೆ, ಎಂಟು ಪೌಂಡೂ ಒಂದೇ ಲಾಟ್ (ಒಂದೇ ಸಲ ತಯಾರಾದ ಕಂತು).

ನಡುವೆ ಎರಡು ಪ್ರಯೋಗ. ಉದ್ದ ಕೊಳವೆ ಫನಲ್‌ನಿಂದ ನಿಧಾನವಾಗಿ ಸುರಿದರೆ ಅದೇ ತೂಕದ ಮದ್ದು ಕೇಸಿನಲ್ಲಿ ಕಾಲು ಇಂಚಿನಷ್ಟು ಕೆಳಗೆ ಕೂರುತ್ತದೆ, ಗುಂಡು ಒತ್ತುವಾಗ ಕಾಳು ಪುಡಿಯಾಗುವುದಿಲ್ಲ. ಇನ್ನೊಂದು, ಒಂದು ಬಟ್ಟಲು ಮದ್ದನ್ನು ಒಣ ಹವೆಯಲ್ಲಿ ಕೆಲವು ದಿನ ತೆರೆದಿಟ್ಟು ತುಂಬಿದೆ. ಮದ್ದಿನಲ್ಲಿ ಇರಬೇಕಾದ ತೇವ ಹೋಗಿ ಉರಿ ಚುರುಕಾಯಿತು, ವೇಗ ಕಣ್ಣಿಗೆ ಕಾಣುವಷ್ಟು ಏರಿತು. ಅಂದಿನಿಂದ ಮೆಷರ್‌ನಲ್ಲಿ ರಾತ್ರಿ ಮದ್ದು ಬಿಡುವುದಿಲ್ಲ.

ಕೇಸಿನ ಬುಡದಲ್ಲಿ ಬೆಲ್ಟ್ (ಉಬ್ಬಿದ ಪಟ್ಟಿ) ಇದೆ ಅಂತ ಹೆಡ್‌ಸ್ಪೇಸನ್ನು (ಕೇಸು ಚೇಂಬರಿನಲ್ಲಿ ಕೂರುವ ಅಳತೆಯನ್ನು) ಅದಕ್ಕೇ ಬಿಟ್ಟು, ತುಂಬುವ ಮುನ್ನ ಪ್ರತಿ ಸಲ ಭುಜವನ್ನು ಹಿಂದೆ ತಳ್ಳುವವರಿಗೆ ಎಷ್ಟು ಒಳ್ಳೆಯ ಮದ್ದು ತಂದರೂ ಕೇಸು ಬುಡದಲ್ಲಿ ಸೀಳುತ್ತದೆ. ಭುಜವನ್ನು ಒಂದೆರಡು ಸಾವಿರಾಂಶ ಇಂಚು ಮಾತ್ರ ಸರಿಸಿ. ಆಮೇಲೆ ನನ್ನ ಕೇಸುಗಳು ಎರಡು ಪಟ್ಟು ಬಾಳಿದವು.

ಈಗ ಎರಡನೇ ಡಬ್ಬ ತೆರೆದಿದ್ದೇನೆ, ಲಾಟ್ ಬೇರೆ. ಹಳೆಯ ತೂಕ ನೇರ ತುಂಬಲಿಲ್ಲ, ಮತ್ತೆ ಕೆಳಗಿನಿಂದ ಬಂದೆ. ಅದೇ ವೇಗ ಹಿಂದಿನದಕ್ಕಿಂತ ಸುಮಾರು ಅರ್ಧ ಗ್ರೇನ್ ಕಡಿಮೆಯಲ್ಲೇ ಸಿಕ್ಕಿತು. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್‌ಗೂ ಇದೇ ದಾರಿ ಹಿಡಿದಿದ್ದೇನೆ: 160 ಗ್ರೇನ್ ಗುಂಡಿಗೆ ಎಚ್4831ಎಸ್‌ಸಿ ಆಗಲೇ ಕೂತಿದೆ, 140ರದ್ದು ಇನ್ನೂ ಹುಡುಕಾಟದಲ್ಲಿದೆ.